ಡೇಟ್ ದಾಟಿತು, ನೋವು ಬರಿಸೋಣ ಅಂದಾಗ

ನಲವತ್ತು ವಾರ ತುಂಬಿದ ದಿನದಿಂದ ಗರ್ಭಿಣಿಯ ಫೋನಿಗೆ ಬಿಡುವಿಲ್ಲ. "ಇನ್ನೂ ಆಗಿಲ್ವಾ?" ಎಂದು ಅತ್ತೆ, ಚಿಕ್ಕಮ್ಮ, ಪಕ್ಕದ ಬೀದಿಯವರು ಎಲ್ಲರೂ ಕೇಳುತ್ತಾರೆ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ "ಡೇಟ್ ದಾಟಿದೆ, ನಾಳೆ ಅಡ್ಮಿಟ್ ಆಗಿ, ನೋವು ಬರಿಸೋಣ" ಅಂದುಬಿಟ್ಟರೆ ಮನೆಯವರಿಗೆಲ್ಲ ಸಮಾಧಾನ. ಆದರೆ ನೋವು ಬರಿಸುವುದೆಂದರೆ ಒಂದು ಇಂಜೆಕ್ಷನ್ ಕೊಟ್ಟು ಮುಗಿಸುವ ಕೆಲಸವಲ್ಲ. ಮೊದಲ ಹೆರಿಗೆಯಲ್ಲಿ ಅದು ಒಂದೂವರೆ, ಎರಡು ದಿನವೂ ಹಿಡಿಯಬಹುದು. ಅದಕ್ಕೆ ಒಪ್ಪುವ ಮೊದಲು ಕೇಳಲೇಬೇಕಾದದ್ದು: ಯಾವ ಡೇಟ್ ದಾಟಿದೆ?

ಡೇಟ್ ಹಾಕುವ ಲೆಕ್ಕ ಸರಳ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ, ಅಂದರೆ ಒಂಬತ್ತು ತಿಂಗಳು ಏಳು ದಿನ ಸೇರಿಸುತ್ತಾರೆ. ಅಜ್ಜಿಯರು ಹೇಳುವ "ಒಂಬತ್ತು ತಿಂಗಳು ಒಂಬತ್ತು ದಿನ"ಕ್ಕೂ ಇದಕ್ಕೂ ಎರಡೇ ದಿನದ ಅಂತರ. ಜನವರಿ 10ಕ್ಕೆ ಮುಟ್ಟಾಗಿದ್ದರೆ ಡೇಟ್ ಅಕ್ಟೋಬರ್ 17. ಇದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. 35 ದಿನಕ್ಕೊಮ್ಮೆ ಆಗುವವರಿಗೆ ಅಂಡ ಹೊರಬರುವುದೇ ಒಂದು ವಾರ ತಡ, ಹಾಗಾಗಿ ಅವರ ನಿಜವಾದ ಡೇಟ್ ಅಕ್ಟೋಬರ್ 24ರ ಆಸುಪಾಸು. ಕಾರ್ಡಿನಲ್ಲಿ 41 ವಾರ ಎಂದು ಬರೆದಿದ್ದರೂ ಒಳಗಿರುವ ಮಗುವಿಗೆ ಆಗಿರುವುದು 40. ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗುವ ಪಿಸಿಓಡಿ ಇರುವವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚಾಗಬಹುದು. ಮೂರು ತಿಂಗಳೊಳಗಿನ ಸ್ಕ್ಯಾನ್ ಮುಖ್ಯವಾಗುವುದು ಇದಕ್ಕೇ. ಆಗ ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ ಅಳೆದು ವಯಸ್ಸು ಹೇಳುತ್ತಾರೆ, ತಪ್ಪಿದರೆ ಒಂದು ವಾರದೊಳಗೆ. 9ರಿಂದ 13 ವಾರದ ಸ್ಕ್ಯಾನ್ ಮುಟ್ಟಿನ ಲೆಕ್ಕಕ್ಕಿಂತ 7 ದಿನಕ್ಕೂ ಹೆಚ್ಚು ಹಿಂದೆ ಮುಂದೆ ಬಂದರೆ ಸ್ಕ್ಯಾನಿನ ಡೇಟನ್ನೇ ಇಟ್ಟುಕೊಳ್ಳಬೇಕು. ಹಾಗೆ ಗೊತ್ತುಮಾಡಿದ ಡೇಟನ್ನು ಎಂಟನೇ ತಿಂಗಳ ಸ್ಕ್ಯಾನ್ ನೋಡಿ ಬದಲಾಯಿಸಬಾರದು. ಅಷ್ಟು ಹೊತ್ತಿಗೆ ಒಂದೊಂದು ಮಗು ಒಂದೊಂದು ಗಾತ್ರಕ್ಕೆ ಬೆಳೆದಿರುವುದರಿಂದ ಲೆಕ್ಕ ಮೂರು ವಾರದವರೆಗೆ ತಪ್ಪಬಹುದು.

ನಮ್ಮ ಕಡೆ ಇದು ಎಡವಟ್ಟಾಗುವುದು ತವರಿಗೆ ಹೋಗುವಾಗ. ಚೊಚ್ಚಲ ಹೆರಿಗೆಗೆ ಹುಡುಗಿ ಏಳನೇ, ಒಂಬತ್ತನೇ ತಿಂಗಳಲ್ಲಿ ಊರು ಬದಲಾಯಿಸುತ್ತಾಳೆ. ಮೊದಲ ಸ್ಕ್ಯಾನಿನ ರಿಪೋರ್ಟು ಬೆಂಗಳೂರಿನ ಬೀರುವಿನಲ್ಲೇ ಉಳಿಯುತ್ತದೆ. ಹೊಸ ಡಾಕ್ಟರ ಕೈಗೆ ಸಿಗುವುದು ಮುಟ್ಟಿನ ತಾರೀಖು ಮತ್ತು ಮೊನ್ನೆಯ ಸ್ಕ್ಯಾನ್ ಮಾತ್ರ. ತಾಯಿ ಕಾರ್ಡಿನ ಜೊತೆಗೆ ಆ ಮೊದಲ ರಿಪೋರ್ಟು ಚೀಲದಲ್ಲಿ ಇರಲೇಬೇಕು, ಅದರ ಫೋಟೋ ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇರಲಿ.

ಡೇಟ್ ಖಚಿತವಾದ ಮೇಲೆ ಎಷ್ಟು ದಿನ ಕಾಯಬಹುದು? ಸರಿಯಾಗಿ ಡೇಟ್ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟೇ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ 41 ವಾರ ತುಂಬುವ ಮೊದಲು ನೋವು ಬರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಿಲ್ಲ. 41 ತುಂಬಿದ ಮೇಲೆ ಬರಿಸಿ ಅನ್ನುತ್ತದೆ. ಅದಕ್ಕೆ ಕಾರಣವೂ ಇದೆ. ಸ್ವೀಡನ್ನಿನಲ್ಲಿ ಸುಮಾರು 2,760 ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 41 ವಾರಕ್ಕೆ ನೋವು ಬರಿಸಿದ ಗುಂಪಿನ ಒಂದು ಮಗುವೂ ಸಾಯಲಿಲ್ಲ, 42 ವಾರದವರೆಗೆ ಕಾದ ಗುಂಪಿನಲ್ಲಿ ಆರು ಮಕ್ಕಳು ತೀರಿಕೊಂಡವು. ಅಧ್ಯಯನವನ್ನೇ ನಡುವೆ ನಿಲ್ಲಿಸಿದರು. ಎರಡೂ ಗುಂಪುಗಳಲ್ಲಿ ಸಿಸೇರಿಯನ್ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇತ್ತು. ಆದ್ದರಿಂದ "ನಾರ್ಮಲ್ ಆಗಲೇಬೇಕು, ಇನ್ನೊಂದು ವಾರ ನೋಡೋಣ" ಎಂದು 41 ದಾಟಿ ಕಾಯುವುದನ್ನು ನಾನು ಒಪ್ಪುವುದಿಲ್ಲ. 38, 39ರಲ್ಲಿ ಕಾರಣ ಹೇಳದೆ ಬರಿಸುವುದನ್ನೂ ಒಪ್ಪುವುದಿಲ್ಲ.

ಕಾರಣ ಗಟ್ಟಿಯಾಗಿದ್ದರೆ ಡೇಟಿಗೆ ಕಾಯುವ ಮಾತೇ ಇಲ್ಲ. ಬಿಪಿ 140/90 ದಾಟಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ 37 ವಾರಕ್ಕೇ ಹೆರಿಗೆ ಮಾಡಿಸಬೇಕು. ನೋವಿಲ್ಲದೆ ನೀರು ಹೋಗಿದ್ದರೆ, ಮಗುವಿನ ಬೆಳವಣಿಗೆ ನಿಂತಿದ್ದರೆ, ಸಕ್ಕರೆ ಹತೋಟಿಗೆ ಬರದಿದ್ದರೆ ಇವೆಲ್ಲ ನಿಜವಾದ ಕಾರಣಗಳೇ. ಮಗುವಿನ ಒದೆತ ಕಡಿಮೆಯಾದರೆ, ನೀರು ಹಸಿರಾಗಿ ಹೋದರೆ, ರಕ್ತ ಹೋದರೆ, ತಲೆ ಸಿಡಿಯುವಂತೆ ನೋಯುತ್ತಾ ಕಣ್ಣು ಮಂಜಾದರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಇನ್ನು ಕೆಲವು ಕಾರಣಗಳನ್ನು ಕೇಳಿದಾಗ ಇನ್ನೊಂದು ಪ್ರಶ್ನೆ ಹಾಕಬೇಕು. "ಕತ್ತಿಗೆ ಬಳ್ಳಿ ಸುತ್ತಿದೆ" ಅನ್ನುವುದು ಸರಿಸುಮಾರು ನಾಲ್ಕು ಹೆರಿಗೆಗೆ ಒಂದರಲ್ಲಿ ಕಾಣುವ ಸಂಗತಿ. ಅದೊಂದೇ ಸಿಸೇರಿಯನ್ನಿಗೂ ನೋವು ಬರಿಸುವುದಕ್ಕೂ ಕಾರಣವಾಗಬಾರದು. "ನೀರು ಕಮ್ಮಿ" ಎಂದರೆ ಎಷ್ಟು, ಹೇಗೆ ಅಳೆದಿರಿ ಎಂದು ಕೇಳಿ. ಸ್ಕ್ಯಾನಿನಲ್ಲಿ ಮಗುವಿನ ಸುತ್ತಲಿನ ನೀರನ್ನು ನಾಲ್ಕು ಕಡೆ ಅಳೆದು ಕೂಡಿಸಿದ್ದು 5 ಸೆಂಟಿಮೀಟರಿನೊಳಗಿದ್ದರೂ ಕಮ್ಮಿ ಅನ್ನುತ್ತಾರೆ, ಅತಿ ಆಳದ ಒಂದೇ ಜಾಗ 2 ಸೆಂಟಿಮೀಟರಿಗಿಂತ ಕಡಿಮೆಯಿದ್ದರೂ ಅನ್ನುತ್ತಾರೆ. ಮೊದಲನೆಯ ಅಳತೆಯಿಂದ ನೋವು ಬರಿಸುವುದು ಹೆಚ್ಚಾಗುತ್ತದೆ, ಮಕ್ಕಳಿಗೆ ಅದರಿಂದ ಹೆಚ್ಚಿನ ಲಾಭ ಕಂಡಿಲ್ಲ. "ಮಗು ನಾಲ್ಕು ಕೆಜಿ ಇದೆ" ಎಂಬ ಅಂದಾಜು ನೂರಕ್ಕೆ ಹತ್ತು, ಹದಿನೈದರಷ್ಟು ತಪ್ಪುವುದು ಮಾಮೂಲು. ಹುಟ್ಟಿದಾಗ ಮೂರೂವರೆ ಕೆಜಿಯೂ ಇರಬಹುದು. ಅಮಾವಾಸ್ಯೆ, ಮೂಲಾ ನಕ್ಷತ್ರ ತಪ್ಪಿಸಲು ಮನೆಯವರೇ ಮುಹೂರ್ತ ಹಿಡಿದು ಬರುವುದೂ ಇದೆ. 39 ವಾರಕ್ಕೆ ಮೊದಲು ಬರೀ ಅದಕ್ಕಾಗಿ ಕುಯ್ದು ತೆಗೆದ ಮಗುವಿಗೆ ಉಸಿರಾಟದ ತೊಂದರೆಯ ಅಪಾಯ ಹೆಚ್ಚು. ಆ ವಾರಗಳನ್ನು ಯಾವ ಜಾತಕವೂ ವಾಪಸು ಕೊಡುವುದಿಲ್ಲ.

ಮುಂದಿನ ಪ್ರಶ್ನೆ ಗರ್ಭಕೋಶದ ಬಾಯಿಯದು. ಒಳಪರೀಕ್ಷೆ ಮಾಡಿ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೋ ಗಟ್ಟಿಯೋ, ಮುಂದಿದೆಯೋ ಹಿಂದಿದೆಯೋ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಇದಕ್ಕೆ ಬಿಷಪ್ ಸ್ಕೋರ್ ಎಂದು ಹೆಸರು, ಒಟ್ಟು 13. ಎಂಟೋ ಅದಕ್ಕಿಂತ ಹೆಚ್ಚೋ ಬಂದರೆ ನೋವು ಬರಿಸಿದಾಗ ಚೆನ್ನಾಗಿ ಸಾಗುವ ಸಂಭವ ಹೆಚ್ಚು. ಆರರೊಳಗಿದ್ದರೆ ಮೊದಲು ಬಾಯಿ ಮೆತ್ತಗೆ ಮಾಡಬೇಕು. ಬಾಯಿ ಗಟ್ಟಿಯಿರುವಾಗಲೇ ನೋವು ಬರಿಸುವ ಡ್ರಿಪ್ ಹಾಕಿದರೆ ಹೆಂಗಸು ದಿನವಿಡೀ ನೋವು ತಿಂದು, ಬಾಯಿ ಎರಡು ಸೆಂಟಿಮೀಟರಿನಲ್ಲೇ ನಿಂತು, ಕೊನೆಗೆ ಆಪರೇಷನ್ ಥಿಯೇಟರಿಗೆ ಹೋಗುವ ಸಂಭವ ಹೆಚ್ಚು. "ನನ್ನ ಸ್ಕೋರ್ ಎಷ್ಟು?" ಎಂದು ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಾಯಿ ಮೆತ್ತಗೆ ಮಾಡುವ ದಾರಿ ಮೂರು. ಡೈನೋಪ್ರೋಸ್ಟೋನ್ ಜೆಲ್ ಸಿರಿಂಜಿನಲ್ಲಿ ಬರುತ್ತದೆ, ಒಂದಕ್ಕೆ 0.5 ಮಿಲಿಗ್ರಾಂ; ಆರು ಗಂಟೆ ಬಿಟ್ಟು ಮತ್ತೊಂದು, 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚಿಲ್ಲ. ಮಿಸೋಪ್ರೋಸ್ಟಾಲ್ ಮಾತ್ರೆ 25 ಮೈಕ್ರೋಗ್ರಾಂ. ನುಂಗುವುದಾದರೆ ಎರಡು ಗಂಟೆಗೊಂದು, ಯೋನಿಯಲ್ಲಿ ಇಡುವುದಾದರೆ ಆರು ಗಂಟೆಗೊಂದು. 200 ಮೈಕ್ರೋಗ್ರಾಂ ಮಾತ್ರೆಯನ್ನು ಬ್ಲೇಡಿನಲ್ಲಿ ಎಂಟು ಚೂರು ಮಾಡಿದರೆ ಚೂರುಗಳು ಸಮವಾಗುವುದಿಲ್ಲ, ಒಂದರಲ್ಲಿ ಮದ್ದು ಹೆಚ್ಚಾಗಿ ಗರ್ಭಕೋಶ ಬಿಡುವಿಲ್ಲದೆ ಬಿಗಿಯುತ್ತದೆ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಈ ಮಾತ್ರೆ ಬೇಡವೇ ಬೇಡ, ಹಳೆಯ ಹೊಲಿಗೆ ಬಿಚ್ಚಬಹುದು. ಹಾಗಾಗಿ ಹಿಂದಿನ ಆಪರೇಷನ್ನಿನ ವಿಷಯವನ್ನು ಮದ್ದು ಕೊಡುವ ಪ್ರತಿಯೊಬ್ಬರಿಗೂ ಹೇಳಿ. ಮೂರನೆಯದರಲ್ಲಿ ಮದ್ದೇ ಇಲ್ಲ: ಮೂತ್ರಕ್ಕೆ ಹಾಕುವ ಫೋಲಿ ಕ್ಯಾಥೆಟರನ್ನೇ ಗರ್ಭಕೋಶದ ಬಾಯಿಯೊಳಗೆ ದಾಟಿಸಿ, ಅದರ ತುದಿಯ ಬಲೂನಿಗೆ 30ರಿಂದ 60 ಎಂಎಲ್ ನೀರು ತುಂಬಿ, ಹನ್ನೆರಡು ಗಂಟೆಯೋ ಒಂದು ದಿನವೋ ಬಿಡುತ್ತಾರೆ. ಹಾಕುವಾಗ ಇರಿಸುಮುರಿಸು, ಆದರೆ ಗರ್ಭಕೋಶ ಅತಿಯಾಗಿ ಬಿಗಿಯುವುದು ಕಡಿಮೆ. ಅಪಾಯ ಎಲ್ಲಿ ಹೆಚ್ಚಿದೆಯೋ ಅಲ್ಲಿ ನನ್ನ ಒಲವು ಇದರ ಕಡೆಗೆ.

ಆಮೇಲೆ ಗರ್ಭಕೋಶವನ್ನು ಬಿಗಿಸಿ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್. 500 ಎಂಎಲ್ ಬಾಟಲಿಗೆ 5 ಯೂನಿಟ್ ಬೆರೆಸಿ ಕೆಲವೇ ಹನಿಗಳಿಂದ ಶುರುಮಾಡಿ ಅರ್ಧ ಗಂಟೆಗೊಮ್ಮೆ ಏರಿಸುತ್ತಾರೆ. ಜೆಲ್ ಇಟ್ಟಿದ್ದರೆ ಆರು ಗಂಟೆ, ಮಿಸೋಪ್ರೋಸ್ಟಾಲ್ ಆದರೆ ನಾಲ್ಕು ಗಂಟೆ ಕಳೆದಿರಬೇಕು. ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಬಂದರೆ ಸಾಕು. ಐದನ್ನು ಮೀರಿದರೆ ಎರಡು ನೋವಿನ ನಡುವೆ ಮಗುವಿಗೆ ರಕ್ತ ಸರಿಯಾಗಿ ಹೋಗಲು ಬಿಡುವು ಸಾಲದೆ ಎದೆಬಡಿತ ಇಳಿಯಬಹುದು. ಆಗ ಡ್ರಿಪ್ ನಿಲ್ಲಿಸಿ ಎಡಮಗ್ಗುಲಿಗೆ ಮಲಗಿಸಬೇಕು. ಕೆಲವೇ ನಿಮಿಷಗಳಲ್ಲಿ ಮದ್ದಿನ ಬಿರುಸು ತಗ್ಗುತ್ತದೆ. ಇದೇ ಮದ್ದನ್ನು ಹೆರಿಗೆಗೆ ಮೊದಲು ತೊಡೆಗೋ ಸೊಂಟಕ್ಕೋ ಚುಚ್ಚಿದರೆ ನಿಲ್ಲಿಸಲು ಏನೂ ಇರುವುದಿಲ್ಲ, ಗರ್ಭಕೋಶವೇ ಹರಿಯಬಹುದು. "ನೋವು ಬರೋ ಸೂಜಿ" ಮನೆಗೇ ಬಂದು ಹಾಕುತ್ತೇವೆ ಅನ್ನುವವರನ್ನು ಬಾಗಿಲಲ್ಲೇ ವಾಪಸು ಕಳಿಸಿ. ಮಗು ಹುಟ್ಟಿದ ಕೂಡಲೇ ಚುಚ್ಚುವ 10 ಯೂನಿಟ್ ಬೇರೆ ಮಾತು. ಅದು ರಕ್ತಸ್ರಾವ ತಡೆಯುತ್ತದೆ, ಅದನ್ನು ಬೇಡ ಅನ್ನಬಾರದು.

"ಪ್ರೋಗ್ರೆಸ್ ಆಗ್ತಿಲ್ಲ" ಎಂದಾಗ ಗಡಿಯಾರ ನೋಡಿ. ನೀರು ಒಡೆದು ಡ್ರಿಪ್ ಶುರುವಾಗಿ ಕನಿಷ್ಠ 12ರಿಂದ 18 ಗಂಟೆ ಆಗದೆ, ತಾಯಿ ಮಗು ಇಬ್ಬರೂ ಚೆನ್ನಾಗಿರುವಾಗ, ನೋವು ಬರಿಸಿದ್ದು ವಿಫಲ ಎಂದು ತೀರ್ಮಾನಿಸುವುದು ಅವಸರ. ಬಾಯಿ 5 ಸೆಂಟಿಮೀಟರ್ ತೆರೆದ ಮೇಲಷ್ಟೇ ಜೋರು ಹೆರಿಗೆ ಶುರುವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಲೆಕ್ಕ ಹಿಡಿಯುತ್ತದೆ. ಮೂರು ಸೆಂಟಿಮೀಟರಿನಲ್ಲಿ ನಾಲ್ಕು ಗಂಟೆ ನಿಂತರೆ ಅದು ಸಿಸೇರಿಯನ್ನಿಗೆ ಕಾರಣವಲ್ಲ. ಮಗುವಿನ ಎದೆಬಡಿತ ಕೆಟ್ಟರೆ ಮಾತ್ರ ಗಡಿಯಾರ ನೋಡುತ್ತಾ ಕೂರಬಾರದು.

ಸಹಿಯ ವಿಷಯ. ನಮ್ಮಲ್ಲಿ ಫಾರ್ಮು ಗಂಡನ ಕೈಗೋ ಅಪ್ಪನ ಕೈಗೋ ಹೋಗುತ್ತದೆ. ಪ್ರಜ್ಞೆಯಿರುವ, ವಯಸ್ಕಳಾದ ರೋಗಿಯ ಒಪ್ಪಿಗೆಯನ್ನು ಅವಳಿಂದಲೇ ಪಡೆಯಬೇಕು, ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಾಲದು, ಜೀವ ಉಳಿಸುವ ತುರ್ತು ಇದ್ದರೆ ಮಾತ್ರ ಬೇರೆ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ನೋವಿನ ನಡುವೆ ಫಾರ್ಮು ಓದಲಾಗುವುದಿಲ್ಲವಾದ್ದರಿಂದ 36ನೇ ವಾರದ ಭೇಟಿಯಲ್ಲೇ ಅದನ್ನು ಕೇಳಿ ಪಡೆದು ಓದಿಕೊಳ್ಳಿ. ಹೆರಿಗೆ ಕೋಣೆಗೆ ಜೊತೆಗೆ ಒಬ್ಬರನ್ನು ಬಿಡುತ್ತೀರಾ ಎಂದೂ ಅಂದೇ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಜೊತೆಗಾತಿ ಇರಲು ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿದೆ. ಅಮ್ಮನೋ ಅಕ್ಕನೋ, ಹೆತ್ತ ಅನುಭವ ಇರುವವರು ಬಂದರೆ ಒಳ್ಳೆಯದು.

ಸಿಸೇರಿಯನ್ ಆಗಿಯೇ ಬಿಟ್ಟರೆ ಮನೆಗೆ ಹೊರಡುವ ಮೊದಲು ಡಿಸ್ಚಾರ್ಜ್ ಕಾಗದ ಓದಿ. ಯಾಕೆ ಮಾಡಿದರು, ಆಗ ಬಾಯಿ ಎಷ್ಟು ತೆರೆದಿತ್ತು, ಗರ್ಭಕೋಶವನ್ನು ಅಡ್ಡ ಕುಯ್ದರೋ ಉದ್ದ ಕುಯ್ದರೋ ಎಂಬ ಮೂರೂ ಬರೆದಿರಬೇಕು. ಹೊಟ್ಟೆಯ ಮೇಲಿನ ಗಾಯ ನೋಡಿ ಒಳಗಿನದನ್ನು ಹೇಳಲಾಗದು, ಮುಂದಿನ ಬಾರಿ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದೇ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಬರೆದಿಲ್ಲದಿದ್ದರೆ ದಾಖಲೆಯ ಪ್ರತಿಗೆ ಅರ್ಜಿ ಕೊಡಿ. ವೈದ್ಯರ ನಡಾವಳಿಯ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು.