ಬಿಲ್ಡ್ ಆಗದೆ ಮುಗಿದ ಶನಿವಾರ

ಇನ್‌ಸ್ಟಾಲರ್ ತಯಾರಿಸುವ ಒಂದು ಹಳೆಯ ಮುಕ್ತ ತಂತ್ರಾಂಶವನ್ನು ನಾನು ಹದಿನೈದು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಪ್ರೋಗ್ರಾಮರುಗಳು ತಮ್ಮ ಕಡತಗಳನ್ನೂ ಒಂದು ಸ್ಕ್ರಿಪ್ಟನ್ನೂ ಇದಕ್ಕೆ ಒಪ್ಪಿಸಿದರೆ, ವಿಂಡೋಸ್ ಬಳಕೆದಾರರು ಡಬಲ್ ಕ್ಲಿಕ್ ಮಾಡಿ ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಒತ್ತಿ ಮುಗಿಸುವ ಒಂದೇ ಕಡತವನ್ನು ಅದು ಕಟ್ಟಿಕೊಡುತ್ತದೆ. 1997ರಲ್ಲಿ ಬಂದ ಇನ್ನೊ ಸೆಟಪ್, ವಿನ್‌ಆಂಪ್ ಎಂಬ ಸಂಗೀತದ ತಂತ್ರಾಂಶವನ್ನು ಹಂಚುವುದಕ್ಕೆಂದು ನಲ್‌ಸಾಫ್ಟ್ ರೂಪಿಸಿದ ಎನ್‌ಎಸ್‌ಐಎಸ್, 2004ರಲ್ಲಿ ಮೈಕ್ರೋಸಾಫ್ಟ್ ಮುಕ್ತವಾಗಿ ಬಿಟ್ಟ ವಿಕ್ಸ್ ಇವೆಲ್ಲ ಹುಟ್ಟಿದ ಕಾಲದ್ದೇ ನಮ್ಮದೂ. ಹೆಸರು ಮಾತ್ರ ಅವುಗಳಷ್ಟು ದೊಡ್ಡದಲ್ಲ. ಮೊದಲು ನಾವು ಮೂವರಿದ್ದೆವು. ಒಬ್ಬರು ಕೆಲಸ ಬದಲಿಸಿದರು, ಇನ್ನೊಬ್ಬರು ಯಾವ ಕಾರಣವನ್ನೂ ಹೇಳದೆ ಮೌನವಾದರು, ಕೊನೆಗೆ ನಾನೊಬ್ಬನೇ ಉಳಿದೆ.

ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೂ ನೆನಪಿರುವುದಿಲ್ಲ. ಇನ್‌ಸ್ಟಾಲರ್ ಸರಿಯಾಗಿ ನಡೆದರೆ ಎರಡು ನಿಮಿಷದಲ್ಲಿ ಮರೆತುಹೋಗುವ ವಸ್ತು. ಕೆಟ್ಟರೆ ಮಾತ್ರ ಅದಕ್ಕೊಂದು ಹೆಸರಿರುವುದು ಜನರಿಗೆ ತಿಳಿಯುತ್ತದೆ. ಅದು ಕೆಲಸ ಮಾಡುವುದು ನಾವು ಎಂದೂ ಕಾಣದ ಯಂತ್ರಗಳಲ್ಲಿ, ಅದೂ ಬಹುಮಟ್ಟಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರದೊಡನೆ. ಆದ್ದರಿಂದ ನಡುವೆ ಎಡವಿದರೆ ಯಂತ್ರದ ಇತರ ತಂತ್ರಾಂಶಗಳನ್ನೂ ಕೆಡಿಸಬಲ್ಲದು. ಇಂಥ ಕೆಲಸಕ್ಕೆ ಸ್ವಯಂಸೇವಕರನ್ನು ಕರೆಯಬೇಕೆಂದು ನಿಶ್ಚಯಿಸಿದಾಗ ನಾನು ಬರೆದ ಪ್ರಕಟಣೆಯನ್ನು ಈಗ ಓದಿದರೆ ನಗು ಬರುತ್ತದೆ. ‘ಆಸಕ್ತರೆಲ್ಲರಿಗೂ ಸ್ವಾಗತ, ಯಾವ ರೀತಿಯ ಸಹಾಯವಾದರೂ ಆದೀತು’ ಎಂದು ಬರೆದಿದ್ದೆ. ಶುಭಾಶಯಗಳು ಧಾರಾಳವಾಗಿ ಬಂದವು. ಯಾವ ಸಹಾಯ ಬೇಕೆಂದು ಕರೆದವನಿಗೇ ಗೊತ್ತಿಲ್ಲದಿದ್ದಾಗ ಬಂದವರು ತಾನೇ ಏನು ಮಾಡಿಯಾರು?

ಆದರೂ ಎಂಟು ಮಂದಿ ಒಂದು ಶನಿವಾರ ವಿಡಿಯೊ ಕರೆಯಲ್ಲಿ ಸೇರಿದರು. ಮೊದಲ ಅರ್ಧ ಗಂಟೆಯಲ್ಲಿ ಎಲ್ಲರೂ ತಮ್ಮ ತಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿಕೊಳ್ಳುವುದು (ಮೂಲ ಕೋಡಿನಿಂದ ಓಡುವ ಪ್ರೋಗ್ರಾಮನ್ನು ಕಟ್ಟಿಕೊಳ್ಳುವುದು), ಆಮೇಲಿನ ಮೂರು ಗಂಟೆಗಳಲ್ಲಿ ಸಣ್ಣಪುಟ್ಟ ಬಗ್‌ಗಳನ್ನು ಹಂಚಿಕೊಂಡು ಸರಿಪಡಿಸುವುದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ನಾಲ್ಕನೆಯ ಗಂಟೆ ಶುರುವಾದಾಗಲೂ ಒಬ್ಬರಿಗೂ ಬಿಲ್ಡ್ ಆಗಿರಲಿಲ್ಲ. ಎಲ್ಲರ ಪರದೆಯ ಮೇಲೂ, ಕೋಡಿನ ತುಣುಕುಗಳನ್ನು ಜೋಡಿಸುವ ಲಿಂಕರ್ ಒಂದೇ ದೂರನ್ನು ಹೇಳುತ್ತಿತ್ತು: ಮೆಮ್‌ಸೆಟ್ ಎಂಬ ಫಂಕ್ಷನ್ ಸಿಗುತ್ತಿಲ್ಲ.

“ಸರ್, ನಮ್ಮ ಕೋಡಿನಲ್ಲಿ ಮೆಮ್‌ಸೆಟ್ಟನ್ನು ಎಲ್ಲೂ ಕರೆದೇ ಇಲ್ಲವಲ್ಲ, ಇದು ಬಂದದ್ದಾದರೂ ಎಲ್ಲಿಂದ?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಪ್ರತಿ ಇನ್‌ಸ್ಟಾಲರಿನ ಮುಂಭಾಗದಲ್ಲಿ ಕೂರುವ ಪುಟ್ಟ ಪ್ರೋಗ್ರಾಮನ್ನು ನಾವು ಸಿ ಭಾಷೆಯ ಸಿದ್ಧ ಫಂಕ್ಷನ್‌ಗಳ ಸಂಗ್ರಹವಾದ ರನ್‌ಟೈಮ್ ಲೈಬ್ರರಿಯ ಹಂಗಿಲ್ಲದೆ ಕಟ್ಟುತ್ತೇವೆ, ಏಕೆಂದರೆ ಡಯಲ್‌ಅಪ್ ಸಂಪರ್ಕದ ಕಾಲದಲ್ಲಿ ಒಂದೊಂದು ಕಿಲೋಬೈಟನ್ನೂ ಉಳಿಸಬೇಕಾಗಿತ್ತು. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಹೊಸ ಕಂಪೈಲರುಗಳಾದರೋ, ಯಂತ್ರದ ಮೆಮೊರಿಯ ಒಂದು ಭಾಗಕ್ಕೆ ಸೊನ್ನೆ ತುಂಬುವ ಸರಳ ಲೂಪನ್ನು ಕಂಡರೆ ವೇಗಕ್ಕಾಗಿ ತಾವಾಗಿಯೇ ಅದನ್ನು ಮೆಮ್‌ಸೆಟ್ ಕರೆಯಾಗಿ ಬದಲಾಯಿಸಿಬಿಡುತ್ತವೆ. ಆ ಮೆಮ್‌ಸೆಟ್ ಇರುವುದೋ ನಾವು ಬೇಡವೆಂದು ಹೊರಗಿಟ್ಟ ಲೈಬ್ರರಿಯಲ್ಲೇ. ಇಷ್ಟನ್ನು ವಿವರಿಸಿದ ಮೇಲೆ ಅವನು ಮತ್ತೆ ಕೇಳಿದ: “ಹಾಗಾದರೆ ನಿಮ್ಮಲ್ಲಿ ಹೇಗೆ ಆಗುತ್ತಿದೆ ಸರ್?”

ಉತ್ತರ ನನ್ನಲ್ಲಿರಲಿಲ್ಲ. ಹುಡುಕಿದಾಗ, ನನ್ನ ಯಂತ್ರದ ಒಂದು ಫೋಲ್ಡರಿನಲ್ಲಿ ಹನ್ನೆರಡು ಸಾಲಿನ ಕಡತವೊಂದು ಸಿಕ್ಕಿತು. ಮೆಮ್‌ಸೆಟ್ಟನ್ನು ನಾನೇ ಬರೆದುಕೊಂಡು ಅಲ್ಲಿಟ್ಟಿದ್ದೆ. ಒಂಬತ್ತು ವರ್ಷಗಳ ಹಿಂದಿನ ದಿನಾಂಕವಿತ್ತು. ಕೋಡನ್ನು ಎಲ್ಲರೊಡನೆ ಹಂಚಿಕೊಳ್ಳುವ ರಿಪಾಸಿಟರಿಗೆ ಅದನ್ನು ಸೇರಿಸಿಯೇ ಇರಲಿಲ್ಲ. ಅಂದರೆ ಒಂಬತ್ತು ವರ್ಷಗಳಿಂದ ಈ ತಂತ್ರಾಂಶವನ್ನು ಕಟ್ಟಬಲ್ಲ ಯಂತ್ರ ಜಗತ್ತಿನಲ್ಲಿ ಪ್ರಾಯಶಃ ಒಂದೇ ಇತ್ತು, ಮತ್ತು ಅದು ನನ್ನ ಮೇಜಿನ ಮೇಲಿತ್ತು. ಯಾರೂ ನೆರವಿಗೆ ಬರುವುದಿಲ್ಲವೆಂದು ನಾನು ಅಷ್ಟು ದಿನ ಗೊಣಗಿದ್ದೆಲ್ಲ ಆ ಕ್ಷಣದಲ್ಲಿ ನೆನಪಾಯಿತು. ಬಂದವರಿದ್ದಿರಬಹುದು, ಲಿಂಕರ್‌ನ ದೂರನ್ನು ಕಂಡು, ತಪ್ಪು ತಮ್ಮದೇ ಎಂದುಕೊಂಡು ಸದ್ದಿಲ್ಲದೆ ಹೊರಟುಹೋಗಿರಬೇಕು.

ಮುಂದಿನ ವಾರ ಎಂಟು ಮಂದಿ ಮೂವರಾದರು. ಅವರಲ್ಲಿ ಒಬ್ಬ ಚುರುಕಿನ ತರುಣ ಎರಡನೆಯ ವಾರದಲ್ಲೇ ಬಿಡುಗಡೆಯ ಅಧಿಕಾರವನ್ನೂ ಬಿಡುಗಡೆ ನಮ್ಮದೇ ಎಂದು ತೋರಿಸಲು ಸಹಿ ಹಾಕುವ ಡಿಜಿಟಲ್ ಕೀಲಿಯನ್ನೂ ಕೇಳಿದ. ಅವನು ಪ್ರಾಮಾಣಿಕನೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಕೊಡಲಿಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದ ಪ್ರಕರಣವನ್ನು ಓದಿದ ಯಾವ ಮೇಂಟೇನರಿಗೂ ಈ ಅಳುಕು ಅರ್ಥವಾದೀತು. ಅಲ್ಲಿ ದಣಿದಿದ್ದ ಒಬ್ಬ ನಿರ್ವಾಹಕರ ಬೆನ್ನಿಗೆ ನಿಂತು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನೇ (ಕೋಡಿನ ತಿದ್ದುಪಡಿಗಳನ್ನೇ) ಕಳಿಸಿ ನಂಬಿಕೆ ಗಳಿಸಿದ ಖಾತೆಯೇ ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು ಇರಿಸಿತು. ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸದೆ ಹೋಗಿದ್ದರೆ ಅದು ಇನ್ನೆಷ್ಟು ಯಂತ್ರಗಳಿಗೆ ಹರಡುತ್ತಿತ್ತೋ. ಕೈಗಳು ಬೇಕೆಂದು ಕರೆಯುವುದು, ಬಂದ ಕೈಗಳನ್ನು ಶಂಕಿಸುವುದು ಎರಡನ್ನೂ ಒಬ್ಬನೇ ಮಾಡಬೇಕಾದ ಸಂಕಟ ಹೇಳಿಕೊಳ್ಳುವಂಥದ್ದಲ್ಲ. ಆ ತರುಣ ಬೇಸರಪಟ್ಟುಕೊಂಡು ಹೋದ. ಮಾತನ್ನು ಇನ್ನಷ್ಟು ಮೃದುವಾಗಿ ಹೇಳಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಿಂತವರು ಒಬ್ಬ ಮಹಿಳೆ. ಸಿ ಪ್ಲಸ್ ಪ್ಲಸ್ ಬಾರದು ಎಂದು ಮೊದಲ ದಿನವೇ ಹೇಳಿದ್ದ ಅವರು ಕಚೇರಿಯೊಂದರ ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುವವರು. ನಮ್ಮ ಟೂಲಿನಿಂದ ಕಟ್ಟಿದ ಒಂದು ಇನ್‌ಸ್ಟಾಲರ್ ಅಲ್ಲಿನ ಹಲವು ಯಂತ್ರಗಳ ಪಾಥ್ ವೇರಿಯಬಲ್ಲನ್ನು, ಅಂದರೆ ಪ್ರೋಗ್ರಾಮುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಫೋಲ್ಡರುಗಳ ಪಟ್ಟಿಯನ್ನು, ಅಳಿಸಿಹಾಕಿತ್ತಂತೆ. ನಮ್ಮಲ್ಲಿ ಒಂದು ಸ್ಟ್ರಿಂಗ್‌ಗೆ (ಅಕ್ಷರಗಳ ಸಾಲಿಗೆ) ಇದ್ದ ಮಿತಿ 1024 ಅಕ್ಷರ. ಪಾಥ್ ಅದಕ್ಕಿಂತ ಉದ್ದವಿದ್ದರೆ ಓದಿದಾಗ ಖಾಲಿ ಬರುತ್ತಿತ್ತು, ಸ್ಕ್ರಿಪ್ಟ್ ಆ ಖಾಲಿಗೆ ತನ್ನ ಫೋಲ್ಡರನ್ನು ಸೇರಿಸಿ ತಿರುಗಿ ಬರೆಯುತ್ತಿತ್ತು, ಉಳಿದದ್ದೆಲ್ಲ ಮಾಯವಾಗುತ್ತಿತ್ತು. ‘ಒಂದು ದಿನವಿಡೀ ಕೂತು ಪಾಥ್‌ಗಳನ್ನು ಕೈಯಾರೆ ತುಂಬಿದ್ದೇನೆ, ಆ ಸಿಟ್ಟಿಗೇ ಬಂದೆ’ ಎಂದರು. ನನ್ನ ಪ್ರಕಟಣೆಯ ಒಂದು ಪದವನ್ನೂ ಅವರು ಓದಿರಲಿಲ್ಲ.

ಅವರಿಗೆ ನಾನು ಕೋಡ್ ಕಲಿಸಲು ಹೋಗಲಿಲ್ಲ. ಅವರೇ ವರ್ಚುವಲ್ ಮಷೀನ್‌ಗಳನ್ನು (ಕಂಪ್ಯೂಟರಿನೊಳಗೇ ಓಡುವ ಕಂಪ್ಯೂಟರುಗಳನ್ನು) ಸಜ್ಜುಗೊಳಿಸಿ ಪರೀಕ್ಷೆಗಳ ಪಟ್ಟಿಯೊಂದನ್ನು ಬರೆಯತೊಡಗಿದರು: ಅಡ್ಮಿನ್ ಅಧಿಕಾರವಿಲ್ಲದ ಬಳಕೆದಾರ, ಲ್ಯಾಟಿನ್ ಅಲ್ಲದ ಲಿಪಿಯ ಬಳಕೆದಾರನ ಹೆಸರು, 260 ಅಕ್ಷರ ಮೀರಿದ ಕಡತದ ಹಾದಿ, ಅರ್ಧದಲ್ಲಿ ರದ್ದಾದ ಇನ್‌ಸ್ಟಾಲ್, ಹಳೆಯ ಆವೃತ್ತಿಯ ಮೇಲೆ ಹೊಸದು, ಅನ್‌ಇನ್‌ಸ್ಟಾಲ್ ಆದ ಮೇಲೆ ವಿಂಡೋಸಿನ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಉಳಿಯುವ ಕಸ. ಬಿಲ್ಡ್ ಮಾಡುವ ವಿಧಾನವನ್ನು ನಾನು ಹೇಳುತ್ತ ಹೋದಂತೆ ಅವರು ಬರೆದುಕೊಂಡರು. ‘ಆಮೇಲೆ ಎಂದಿನಂತೆ ಮಾಡಿ’ ಎಂದು ನಾನು ಅಂದಲ್ಲೆಲ್ಲ ತಡೆದು, “ಎಂದಿನಂತೆ ಅಂದರೆ ಹೇಗೆ, ಹೇಳಿ” ಎಂದು ಕೇಳಿದರು. ಹೀಗೆ ಸಿದ್ಧವಾದ ಪುಟವನ್ನು ಮುಂದಿಟ್ಟುಕೊಂಡೇ ನನ್ನ ಎರಡನೆಯ ಪ್ರಕಟಣೆಯನ್ನು ಬರೆದೆ. ಈ ಬಾರಿ ಒಂದೇ ಬಗ್, ಅದನ್ನು ತೋರಿಸುವ ಐದು ಹೆಜ್ಜೆಗಳು, ಅದಕ್ಕೆ ಸಂಬಂಧಿಸಿದ ಕಡತದ ಹೆಸರು, ಇಷ್ಟೇ ಇತ್ತು. ಶುಭಾಶಯ ಯಾರೂ ಕಳಿಸಲಿಲ್ಲ. ಇಬ್ಬರು ಪ್ಯಾಚ್ ಕಳಿಸಿದರು.

ಸ್ಟ್ರಿಂಗ್ ಮಿತಿಯ ದೋಷವನ್ನು ನಾನೇ ಸರಿಪಡಿಸಿ ಆ ಮಹಿಳೆಯ ಪರಿಶೀಲನೆಗೆ ಒಪ್ಪಿಸಿದೆ. ಮರುದಿನ ಬೆಳಗ್ಗೆ ಪ್ಯಾಚ್ ತಿರಸ್ಕೃತವಾಗಿತ್ತು. ಕೆಳಗೆ ಒಂದೇ ಸಾಲು: ‘ಸರ್, ಇದು ನಿಮ್ಮ ಯಂತ್ರದಲ್ಲಿ ಮಾತ್ರ ಬಿಲ್ಡ್ ಆಗುತ್ತಿದೆ, ಯಾವುದೋ ಒಂದು ಕಡತ ಮತ್ತೆ ಸೇರಿಲ್ಲ.’