ಪೊಲೀಸ್ ನಾಯಿಗೆ ಎಷ್ಟು ಖರ್ಚಾಗುತ್ತೆ ಗೊತ್ತಾ?

ಪೊಲೀಸ್ ನಾಯಿ ಸುದ್ದಿ ಎಲ್ಲಾದ್ರೂ ಬಂದ್ರೆ ಸಾಕು, ಕೆಳಗೆ ಯಾರಾದ್ರೂ ಒಬ್ರು ಬರ್ದೇ ಬರ್ದಿರ್ತಾರೆ, ಫಾರಿನ್ ನಾಯಿ ಯಾಕೆ ಸ್ವಾಮಿ, ನಮ್ ಮುಧೋಳ ಇಲ್ವಾ ಅಂತ. ಇದೆ, ನಂಗೂ ಹೆಮ್ಮೆನೇ. 2016ರಲ್ಲಿ ಮೀರತ್‌ನಲ್ಲಿರೋ ಸೈನ್ಯದ ನಾಯಿ ಟ್ರೈನಿಂಗ್ ಸೆಂಟರ್‌ಗೂ ಮುಧೋಳ ಮರಿಗಳು ಹೋದ್ವು. ಆದ್ರೆ ಮುಧೋಳ ನಾಯಿ ಮೊದ್ಲಿಂದ ಕಣ್ಣಲ್ಲಿ ನೋಡಿ ಅಟ್ಟಿಸ್ಕೊಂಡು ಹೋಗಿ ಬೇಟೆ ಆಡೋ ಜಾತಿ, ಮೊಲ ಹಿಡಿಯೋಕೆ ಅದರ ಮುಂದೆ ಯಾವ್ದೂ ಇಲ್ಲ, ಆದ್ರೆ ಕೊಲೆ ಮಾಡಿ ಕತ್ತಲಲ್ಲಿ ಓಡಿಹೋದವನ ವಾಸನೆ ಹಿಡ್ಕೊಂಡು ಗಂಟೆಗಟ್ಲೆ ಮೂಗು ನೆಲಕ್ಕಿಟ್ಟು ನಡಿಯೋ ಕೆಲ್ಸನೇ ಬೇರೆ. ಅದಕ್ಕೇ ಡಾಬರ್ಮನ್, ಜರ್ಮನ್ ಶೆಫರ್ಡ್. ಬಾಂಬ್ ಹುಡುಕೋಕೆ ಜಾಸ್ತಿ ಲ್ಯಾಬ್ರಡಾರ್. ಈಗೀಗ ಬೆಲ್ಜಿಯನ್ ಮ್ಯಾಲಿನಾಯ್ಸ್ ಹವಾ, ಬೆಂಗಳೂರು ಪಕ್ಕದ ತರಳುನಲ್ಲೇ ಸಿಆರ್‌ಪಿಎಫ್‌ನವರು, ಅಂದ್ರೆ ಕೇಂದ್ರ ಮೀಸಲು ಪೊಲೀಸ್ ಪಡೆಯವರು, ಸ್ಕೂಲ್ ಇಟ್ಕೊಂಡು ಈ ನಾಯಿಗಳನ್ನ ಸಾಕಿ ಟ್ರೈನಿಂಗ್ ಕೊಡ್ತಾರೆ.

ಖರ್ಚು ಅಂದ್ರೆ ಎಲ್ರೂ ಕೇಳೋದು ಮರಿ ರೇಟು. ನನ್ ಪ್ರಕಾರ ಅದು ಲೆಕ್ಕದಲ್ಲಿ ಸಣ್ಣದು. ಒಂದ್ ನಾಯಿಗೆ ಸಾಮಾನ್ಯವಾಗಿ ಇಬ್ರು ಹ್ಯಾಂಡ್ಲರ್, ಅಂದ್ರೆ ಅದನ್ನ ನೋಡ್ಕೊಂಡು ಕೆಲ್ಸ ಮಾಡ್ಸೋ ಪೊಲೀಸ್ರು, ಒಬ್ರು ರಜಾ ಹೋದ್ರೆ ಇನ್ನೊಬ್ರು ಇರ್ಬೇಕಲ್ಲ. ಅಂದ್ರೆ ನಾಯಿ ಸರ್ವೀಸಲ್ಲಿ ಇರೋ ಅಷ್ಟೂ ವರ್ಷ ಇಬ್ರು ಕಾನ್‌ಸ್ಟೇಬಲ್ ಸಂಬಳ, ಆಮೇಲೆ ಕೆನಲ್ಲು, ಗಾಡಿ, ಹಾಲು ಮೊಟ್ಟೆ ಮಾಂಸ, ಪಾರ್ವೋ ಡಿಸ್ಟೆಂಪರ್ ರೇಬೀಸ್ ವ್ಯಾಕ್ಸಿನ್ನು, ಜಂತುಹುಳಕ್ಕೆ ಔಷಧಿ. ದಿನಾ ಮೈ ಬಾಚಿ ಉಣ್ಣೆ ಹುಳ ಇದೆಯಾ, ಕಿವಿ, ಅಂಗಾಲು ಸರಿ ಇದೆಯಾ ನೋಡೋದು ಬೇರೆ. ಭಾನುವಾರ, ಹಬ್ಬ ಅಂತ ಯಾವ್ದೂ ಇಲ್ಲ.

ಟ್ರೈನಿಂಗು ತಿಂಗಳುಗಟ್ಲೆ. ಮೊದ್ಲು ಸಿಟ್, ಸ್ಟೇ, ಹೀಲ್ (ಪಕ್ಕದಲ್ಲೇ ನಡಿ) ಅಂತ ಹೇಳಿದ್ ಮಾತು ಕೇಳೋದು, ಆಮೇಲೆ ವಾಸನೆ. ಬಾಂಬ್ ನಾಯಿ ವಾಸನೆ ಸಿಕ್ಕಿದ್ರೆ ಕೆರೆಯಂಗಿಲ್ಲ ಬೊಗಳಂಗಿಲ್ಲ, ಸುಮ್ನೆ ಕೂತ್ಕೋಬೇಕು, ಯಾಕೆ ಅಂತ ಹೇಳ್ಬೇಕಾಗಿಲ್ಲ ಅನ್ಸುತ್ತೆ. ಅದಕ್ಕೆ ಗೊತ್ತಿರೋದು ಇಷ್ಟೇ, ಈ ವಾಸನೆ ತೋರ್ಸಿದ್ರೆ ಆಡೋಕೆ ಬಾಲ್ ಸಿಗುತ್ತೆ!

ಇಷ್ಟೆಲ್ಲಾ ಖರ್ಚು ಮಾಡಿ ಏನ್ ಬಂತು ಅನ್ನೋರು ದಾವಣಗೆರೆ ಪೊಲೀಸ್ ನಾಯಿ ತುಂಗಾ ಕಥೆ ಓದ್ಬೇಕು. ಹೆಣ್ಣು ಡಾಬರ್ಮನ್. 2020ರಲ್ಲಿ ಒಂದು ಕೊಲೆ ಕೇಸಲ್ಲಿ ವಾಸನೆ ಹಿಡಿದು ಹೆಚ್ಚುಕಡಿಮೆ 12 ಕಿಲೋಮೀಟರ್ ಹೋಗಿ ಒಂದ್ ಮನೆ ಮುಂದೆ ನಿಂತ್ಬಿಡ್ತು, ಅಲ್ಲಿ ಸಿಕ್ಕಿದ ಸುಳಿವಿಂದಾನೇ ಆರೋಪಿ ಸಿಕ್ಕಿಬಿದ್ದ. 2022ರಲ್ಲಿ ತುಂಗಾ ತೀರ್ಕೊಂಡ್ಳು. ಆಮೇಲೆ ಬಂದ ನಾಯಿಗೂ ಅದೇ ಹೆಸರು, ತುಂಗಾ 2. 2024ರಲ್ಲಿ ಚನ್ನಗಿರಿ ತಾಲೂಕಿನ ಸಂತೇಬೆನ್ನೂರು ಕಡೆ ಇನ್ನೊಂದು ಕೊಲೆ ಕೇಸಲ್ಲಿ ಇದು ರಾತ್ರಿ ಮಳೇಲಿ 8 ಕಿಲೋಮೀಟರ್ ಓಡಿ ಒಂದು ಮನೆ ಹತ್ರ ಹೋದ್ರೆ ಒಳಗೆ ಹೆಂಗಸು ಕಿರ್ಚ್ತಾ ಇದ್ದಾಳೆ, ಕೊಲೆ ಮಾಡಿ ಬಂದವನೇ ಹೆಂಡ್ತಿನೂ ಸಾಯೋ ಹಾಗೆ ಹೊಡೀತಿದ್ದಾನೆ, ಪೊಲೀಸ್ರು ಸರಿಯಾದ್ ಟೈಮಿಗೆ ಹೋಗಿದ್ರಿಂದ ಆಕೆ ಜೀವ ಉಳೀತು. ಆ ಜೀವಕ್ಕೆ ಯಾವ ಬಜೆಟ್ ಹೆಡ್ ಹಾಕ್ತೀರಾ ಹೇಳಿ.

ಆದ್ರೆ ಕೋರ್ಟಲ್ಲಿ ನಾಯಿ ತೋರ್ಸಿದ್ದಷ್ಟೇ ನಡೆಯಲ್ಲ. ನಾಯಿನ ಕಟಕಟೆಗೆ ಕರೆದು ಪಾಟೀಸವಾಲು ಮಾಡಕ್ಕಾಗುತ್ತಾ? ಸುಪ್ರೀಂ ಕೋರ್ಟೇ ಇಂಥ ಸಾಕ್ಷಿ ಮೇಲೆ ಜಾಸ್ತಿ ಭಾರ ಹಾಕಂಗಿಲ್ಲ ಅಂದಿದೆ. ಸರಿಯಾಗೇ ಇದೆ ಅನ್ಸುತ್ತೆ ನಂಗೆ. ನಾಯಿ ದಾರಿ ತೋರ್ಸುತ್ತೆ, ಬೆರಳಚ್ಚು, ರಿಕವರಿ (ಆಯುಧ, ಕದ್ದ ಮಾಲು ವಶಕ್ಕೆ ತಗೊಳ್ಳೋದು), ಮಹಜರು ಎಲ್ಲಾ ಮನುಷ್ಯರೇ ಮಾಡ್ಬೇಕು.

ಇನ್ನೊಂದು, ದಸರಾದಲ್ಲೋ ರೈಲ್ವೆ ಸ್ಟೇಷನ್ನಲ್ಲೋ ಡ್ಯೂಟಿ ಮೇಲಿರೋ ನಾಯಿ ಕಂಡ್ರೆ ಬಿಸ್ಕೆಟ್ ಹಾಕಕ್ ಹೋಗ್ಬೇಡಿ. ಬೇರೆಯವ್ರ ಕೈಯಿಂದ ಏನೂ ತಿನ್ಬಾರ್ದು ಅಂತ ಅದಕ್ಕೆ ಕಷ್ಟಪಟ್ಟು ಕಲ್ಸಿರ್ತಾರೆ, ಸೆಲ್ಫಿ ಬೇಕೇ ಬೇಕು ಅಂದ್ರೆ ಹ್ಯಾಂಡ್ಲರ್‌ನ ಕೇಳಿ, ಬೇಡ ಅಂದ್ರೆ ಬೇಜಾರ್ ಮಾಡ್ಕೋಬೇಡಿ.