562 ಜನ, ಮೇಲೊಂದು ಅರ್ಧ

2023ರ ಜುಲೈ ಕೊನೆಯ ವಾರ. ರಿಟರ್ನ್ಸ್ ಸಲ್ಲಿಸೋಕೆ 31 ಕೊನೆಯ ದಿನ. ನಾನಿನ್ನೂ ಹಳೇ ಪದ್ಧತಿಯಲ್ಲೇ ತೆರಿಗೆ ಕಟ್ಟುವವನು, ಹಾಗಾಗಿ ಒಂದೊಂದು ರಸೀತಿಯೂ ಬೇಕು. ಎಲ್ಲ ಸಿಕ್ಕಿತ್ತು, ಒಂದು ಬಿಟ್ಟು. ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಗೆ ತಿಂಗಳಿಗೆ 800 ರೂಪಾಯಿ ಕೊಡುತ್ತಿದ್ದೆ. ದಾನ ಕೊಟ್ಟದ್ದಕ್ಕೆ ಅವರು ಕೊಡುವ 10ಬಿಇ ಸರ್ಟಿಫಿಕೇಟ್ ಇಮೇಲಿನಲ್ಲಿ ಎಲ್ಲೂ ಕಾಣಲಿಲ್ಲ. ವರ್ಷದ 9,600ರಲ್ಲಿ ಅರ್ಧಕ್ಕೆ 80ಜಿ, ಅಂದರೆ ದಾನದ ಮೇಲಿನ ತೆರಿಗೆ ವಿನಾಯಿತಿ. ಉಳಿಯುವ ತೆರಿಗೆ ಸಾವಿರ ರೂಪಾಯಿಯೂ ಅಲ್ಲ. ಆದರೂ ಬಿಡೋಕೆ ಮನಸ್ಸು ಬರಲ್ಲ, ಬ್ಯಾಂಕಿನಲ್ಲಿ ದುಡಿದವನ ಚಾಳಿ.

ಆ 800 ಶುರುವಾದದ್ದು ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ರ. ಕೈಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದ ಒಬ್ಬ ಹುಡುಗ, "ಅಂಕಲ್, ಒಂದೇ ನಿಮಿಷ" ಅಂದ. ಟೀ ಶರ್ಟಿನ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಬೆಳಿಗ್ಗೆಯಿಂದ ಯಾರೂ ನಿಂತಿಲ್ಲ ಅಂದ. ಒಂದು ಹೆಣ್ಣುಮಗುವಿನ ಫೋಟೋ ತೋರಿಸಿದ. ನನ್ನ ಹೆಂಡತಿ ತರಕಾರಿ ಚೀಲ ಕೆಳಗಿಟ್ಟು, "ಕೊಡ್ರಿ, ಪಾಪ" ಅಂದಳು. ಪಾಪ ಅಂದದ್ದು ಮಗುವಿಗೋ ಹುಡುಗನಿಗೋ ಗೊತ್ತಿಲ್ಲ. ತಿಂಗಳು ತಿಂಗಳು ಖಾತೆಯಿಂದ ತಾನಾಗಿ ಕಟ್ ಆಗುವ ಮ್ಯಾಂಡೇಟಿಗೆ ಅಲ್ಲೇ ಸಹಿ ಹಾಕಿದೆ. ಯೋಚನೆ ಮಾಡಿ ಸಹಿ ಹಾಕಿ ಅಂತ ಕೌಂಟರಿನಲ್ಲಿ ಎಷ್ಟು ಜನರಿಗೆ ಬುದ್ಧಿ ಹೇಳಿದ್ದೆನೋ!

ಸರ್ಟಿಫಿಕೇಟ್ ಹುಡುಕುತ್ತಾ ಅವರ ವಾರ್ಷಿಕ ವರದಿ ತೆರೆದೆ. ಮೊದಲ ಪುಟಗಳಲ್ಲೆಲ್ಲ ನಗುವ ಮಕ್ಕಳು. ಆಮೇಲೆ ನಿಮ್ಮ 100 ರೂಪಾಯಿಯಲ್ಲಿ ಎಷ್ಟು ಮಕ್ಕಳಿಗೆ ಹೋಗುತ್ತೆ ಅಂತ ತೋರಿಸುವ ಬಣ್ಣದ ಚಕ್ರ. ಇಂಥ ಚಕ್ರ ನೋಡಿದರೆ ನನಗೆ ಅನುಮಾನ. ಮೇಲಿನವರ ಸಂಬಳದ ಒಂದು ಪಾಲನ್ನು 'ಕಾರ್ಯಕ್ರಮ'ದ ಲೆಕ್ಕಕ್ಕೆ ಹಾಕಿದರೆ ಚಕ್ರ ತಾನಾಗಿ ಚೆಂದ ಕಾಣುತ್ತೆ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಪಟ್ಟಿ ಇತ್ತು. ಮುಖ್ಯಸ್ಥರ ಸಂಬಳ ವರ್ಷಕ್ಕೆ 54 ಲಕ್ಷ. ಅತಿ ಕಡಿಮೆ ಸಂಬಳದ ಸಿಬ್ಬಂದಿಗೆ ತಿಂಗಳಿಗೆ 11,500. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಅದಕ್ಕಿಂತ ಜಾಸ್ತಿ ಕೊಡ್ತೀವಿ.

ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಭಾಗಿಸಿದೆ. 54 ಲಕ್ಷ, ಭಾಗಿಸು 9,600. ಉತ್ತರ 562.5. ನನ್ನಂಥ 562 ಜನ ವರ್ಷವಿಡೀ ಕೊಟ್ಟದ್ದು ಆ ಒಬ್ಬರ ಸಂಬಳಕ್ಕೆ ಸರಿಹೋಗುತ್ತೆ. ಮೇಲೆ ಇನ್ನೊಬ್ಬರು ಅರ್ಧ ವರ್ಷ ಕೊಡಬೇಕು. ಹೆಂಡತಿಗೆ ತೋರಿಸಿದೆ. "ಆ ಅರ್ಧ ನಾವೇ ಇರಬೇಕು" ಅಂದಳು.

ಮಗಳು ಒಪ್ಪಲಿಲ್ಲ. ಅವಳು ಕಂಪನಿಯೊಂದರ ಎಚ್.ಆರ್. ವಿಭಾಗದಲ್ಲಿದ್ದಾಳೆ. "ಅಪ್ಪ, ಸಾವಿರಾರು ಜನರ ಸಂಸ್ಥೆ ನಡೆಸೋಕೆ ಸುಮ್ನೆ ಆಗುತ್ತಾ? ಅದೇ ಮನುಷ್ಯ ಕಂಪನಿಯಲ್ಲಿದ್ದಿದ್ದರೆ ಕೋಟಿ ತಗೊಳ್ತಿದ್ರು. ಒಳ್ಳೆ ಕೆಲಸ ಮಾಡೋರು ಬಡವರಾಗೇ ಇರಬೇಕಾ?" ಮಾತು ತಪ್ಪಲ್ಲ. ಆದರೆ ನಾನು ದುಡಿದದ್ದು ಸರ್ಕಾರಿ ಬ್ಯಾಂಕಿನಲ್ಲಿ. ಆ ವರ್ಷ, ಅಂದರೆ 2022-23ರಲ್ಲಿ, ದೇಶದ ಅತಿ ದೊಡ್ಡ ಬ್ಯಾಂಕಾದ ಎಸ್‌ಬಿಐ ಅಧ್ಯಕ್ಷರ ಸಂಬಳ 37 ಲಕ್ಷ. ಅದನ್ನು ಹೇಳಿದೆ. "ಅದು ಅವರಿಗೆ ಮಾಡಿದ ಅನ್ಯಾಯ" ಅಂದಳು. ಅಲ್ಲಿಗೆ ಮಾತು ನಿಂತಿತು.

ಅಮೆರಿಕದ ಓಹಿಯೋದಲ್ಲಿರುವ ನನ್ನ ಷಡ್ಡಕ ಭಾನುವಾರ ಫೋನ್ ಮಾಡಿದರು. ಅವರಿಗೂ ಇದೇ ಕಥೆ ಹೇಳಿದೆ. "ನಮ್ಮಲ್ಲಿ ಇದು 92ರಲ್ಲೇ ಆಯ್ತು ಕಣ್ರೀ" ಅಂದರು. ಯುನೈಟೆಡ್ ವೇ ಅಂತ ದೊಡ್ಡ ಸಂಸ್ಥೆ. ಆಫೀಸುಗಳಲ್ಲಿ ನೌಕರರ ಸಂಬಳದಿಂದಲೇ ದಾನ ಹಿಡಿದುಕೊಳ್ಳುತ್ತಿದ್ದರು. ಅದರ ಮುಖ್ಯಸ್ಥ ವಿಲಿಯಂ ಅರಾಮನಿ ವರ್ಷಕ್ಕೆ 4,63,000 ಡಾಲರ್ ತಗೊಳ್ತಿದ್ದಾರೆ, ದುಬಾರಿ ಕಾನ್‌ಕಾರ್ಡ್ ವಿಮಾನದಲ್ಲಿ ಓಡಾಡ್ತಾರೆ ಅಂತ ಪತ್ರಿಕೆಗಳಲ್ಲಿ ಬಂತು. 1992ರಲ್ಲಿ ಆತ ಕೆಲಸ ಬಿಟ್ಟರು. ಸಂಸ್ಥೆಯ ಹಣ ನುಂಗಿದ್ದು ಸಾಬೀತಾಗಿ 1995ರಲ್ಲಿ 7 ವರ್ಷ ಜೈಲು ಶಿಕ್ಷೆಯೂ ಆಯಿತು. ಊರೂರಿನ ಶಾಖೆಗಳು ಕೇಂದ್ರಕ್ಕೆ ಕಳಿಸಬೇಕಾದ ಹಣ ತಡೆಹಿಡಿದವು. ನಮ್ಮ ಷಡ್ಡಕರ ಆಫೀಸಿನಲ್ಲಿ ಹಲವರು ಅರ್ಜಿ ಕೊಟ್ಟು ದಾನ ನಿಲ್ಲಿಸಿದರಂತೆ. ಕೆಲವರು ಮತ್ತೆ ಯಾವತ್ತೂ, ಯಾರಿಗೂ ಕೊಡಲಿಲ್ಲವಂತೆ. ಅಲ್ಲಿ ತೆರಿಗೆ ಇಲಾಖೆಗೆ ಕೊಡುವ ಫಾರ್ಮ್ 990 ಅಂತ ಒಂದಿದೆ. ಬಹುಪಾಲು ದೊಡ್ಡ ದಾನಸಂಸ್ಥೆಗಳು ಮೇಲಿನವರ ಸಂಬಳವನ್ನು ಅದರಲ್ಲಿ ಬರೆಯಲೇಬೇಕು. ಯಾರು ಬೇಕಾದರೂ ತೆಗೆದು ನೋಡಬಹುದು.

ನಮ್ಮಲ್ಲಿ ಹಾಗೆ ಎಲ್ಲರೆದುರು ಇಡಬೇಕೆಂಬ ಕಟ್ಟಳೆ ಇಲ್ಲ. ಟ್ರಸ್ಟಿಗೋ ಅವರ ನೆಂಟರಿಗೋ ಕೆಲಸಕ್ಕೆ ಮೀರಿ ಸಂಬಳ ಕೊಟ್ಟರೆ ಆದಾಯ ತೆರಿಗೆ ಇಲಾಖೆ ಕೇಳಬಹುದು, ಅದು ಅವರಿಬ್ಬರ ನಡುವಿನ ಮಾತು. ಕ್ರೆಡಿಬಿಲಿಟಿ ಅಲಯನ್ಸ್ ಎಂಬ ಕೂಟದ ನಿಯಮ ಒಪ್ಪಿದ ಸಂಸ್ಥೆಗಳು ಮಾತ್ರ ತಾವಾಗಿ ಅತಿ ಹೆಚ್ಚು, ಅತಿ ಕಡಿಮೆ ಸಂಬಳ ಎರಡನ್ನೂ ಪ್ರಕಟಿಸುತ್ತವೆ. ರಾತ್ರಿ ಮಲಗಿದಾಗ ಇದೇ ಕೊರೆಯಿತು. ಈ ಮಕ್ಕಳ ಸಂಸ್ಥೆಯವರು ಸಂಬಳ ಹೇಳಿದರು, ಅದಕ್ಕೇ ನನಗೆ ಸಿಟ್ಟು. ವರ್ಷಾ ವರ್ಷ ನಾನು ಚೆಕ್ ಕೊಡುವ ಇನ್ನೊಂದು ಟ್ರಸ್ಟ್ ಇದೆ. ಅದರ ಲೆಕ್ಕ ನಾನು ಕಂಡಿಲ್ಲ, ಅವರು ತೋರಿಸಿಲ್ಲ, ನಾನು ಕೇಳಿಯೂ ಇಲ್ಲ. ಅವರು ಕೊಡುವ ಪ್ರಸಾದ ಮಾತ್ರ ಕಣ್ಣಿಗೊತ್ತಿಕೊಂಡು ತರ್ತೀನಿ. ಹಾಗಾದರೆ ಮುಚ್ಚಿಟ್ಟವರೇ ಜಾಣರು, ಅಲ್ವಾ?

ಇಷ್ಟೆಲ್ಲ ಯೋಚಿಸಿಯೂ ಬೆಳಿಗ್ಗೆ ಆ ಮಕ್ಕಳ ಸಂಸ್ಥೆಗೆ ಫೋನ್ ಮಾಡಿ, ನನ್ನ 800 ನಿಲ್ಲಿಸಿ ಅಂದೆ. ಆ 54 ಲಕ್ಷ ಕಣ್ಣಿಂದ ಹೋಗಲೇ ಇಲ್ಲ.

ಎತ್ತಿಕೊಂಡದ್ದು ಒಬ್ಬಳು ಹುಡುಗಿ. ಹಾಸನದ ಕಡೆಯ ಮಾತು. "ಯಾಕೆ ಸರ್? ನಮ್ಮಿಂದ ಏನಾದ್ರೂ ತೊಂದ್ರೆ ಆಯ್ತಾ?"

"ನಿಮ್ಮಿಂದ ಅಲ್ಲಮ್ಮ" ಅಂತ ಶುರು ಮಾಡಿ ಎಲ್ಲ ಹೇಳಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಎಷ್ಟು ಅಂದ್ರಿ ಸರ್?"

"54 ಲಕ್ಷ."

"ಯಾವ ಪುಟ ಸರ್ ಅದು?"

ಪುಟ ಹೇಳಿದೆ. ಬರೆದುಕೊಂಡಳು ಅಂತ ಕಾಣುತ್ತೆ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಸರ್, ಕಾರಣ ಆರಿಸದೆ ಮುಂದಕ್ಕೆ ಹೋಗಲ್ಲ. ನನ್ನ ಸ್ಕ್ರೀನಲ್ಲಿ ಇರೋ ಕಾರಣಗಳಲ್ಲಿ ನೀವು ಹೇಳಿದ್ದು ಇಲ್ಲ. ಊರು ಬದಲಾವಣೆ, ಬೇರೆ ಸಂಸ್ಥೆಗೆ ಕೊಡ್ತಿದ್ದಾರೆ, ಹಣದ ತೊಂದರೆ, ದಾನಿ ತೀರಿಕೊಂಡಿದ್ದಾರೆ, ಇಷ್ಟೇ ಇರೋದು. ಯಾವುದು ಹಾಕ್ಲಿ?"

ತೀರಿಕೊಳ್ಳೋಕೆ ಮನಸ್ಸಾಗಲಿಲ್ಲ. "ಹಣದ ತೊಂದರೆ ಅಂತ ಹಾಕಮ್ಮ" ಅಂದೆ. ಸರ್ಟಿಫಿಕೇಟನ್ನೂ ಅವಳೇ ಎರಡು ನಿಮಿಷದಲ್ಲಿ ಕಳಿಸಿಕೊಟ್ಟಳು.

ಸಂಜೆ ಮೊಬೈಲಿಗೆ ಒಂದು ಮೆಸೇಜ್ ಬಂತು. ಈ ಕಷ್ಟದ ಸಮಯದಲ್ಲಿ ನಾವು ನಿಮ್ಮೊಂದಿಗಿದ್ದೇವೆ, ಪರಿಸ್ಥಿತಿ ಸುಧಾರಿಸಿದ ಮೇಲೆ ಮತ್ತೆ ಕೈಜೋಡಿಸಿ ಅಂತ. ಕೆಳಗೆ ಮುಖ್ಯಸ್ಥರ ಹೆಸರು. ಹೆಂಡತಿ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ನಮಗೇನ್ರೀ ಕಷ್ಟ?" ಅಂದಳು.